ಓನರಮ್ಮನ ಹಿತ್ತಲ ದಾರಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿ ಸದಾ ಹಸಿರಾಗಿರುತ್ತಿತ್ತು. ಯಾವ ಗಿಡದ ಪಕ್ಕ ಹಾದುಹೋದರೂ ಒಂದು ಎಲೆ ಚಿವುಟಿ, ಎರಡು ಬೆರಳ ನಡುವೆ ಹೊಸಕಿ, ಮೂಗಿನ ಹತ್ತಿರ ಹಿಡಿಯದೆ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ. ಬೇರೆಯವರ ಕಾಂಪೌಂಡಿನಿಂದ ರಸ್ತೆಗೆ ಚಾಚಿಕೊಂಡ ಕೊಂಬೆಯಾದರೂ ಸರಿಯೇ. ಸೋಪು ಹಾಕಿ ತಿಕ್ಕಿದರೂ ಹೋಗದ ಆ ಹಸಿರು ಬೆರಳಿನಲ್ಲೇ ನಮಗೆ ಕಾಫಿ ಲೋಟ ಕೊಡುತ್ತಿದ್ದರು. ಕಾಫಿಗೆ ಒಂದು ದಿನ ದೊಡ್ಡಪತ್ರೆಯ ವಾಸನೆ, ಇನ್ನೊಂದು ದಿನ ನಿಂಬೆ ಎಲೆಯದು.

ಚಾಮರಾಜಪೇಟೆಯಲ್ಲಿ ಅವರ ಮನೆಯ ಹಿಂದಿನ ಔಟ್‌ಹೌಸಿಗೆ ನಾವು ಬಾಡಿಗೆಗೆ ಬಂದದ್ದು ೧೯೯೭ರ ಜೂನ್‌ನಲ್ಲಿ. ನಾನಾಗ ಪಿಯುಸಿ. ಅಪ್ಪ, ಅಮ್ಮ ಅವರನ್ನು ಕರೆಯುತ್ತಿದ್ದಂತೆ ನನಗೂ ಅವರು ಓನರಮ್ಮ. ಎದುರಿಗೆ ಮಾತ್ರ ಅಜ್ಜಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾಗಿದ್ದರು. ನೌಕರಿ ಬಿಟ್ಟಿದ್ದರೂ ನೌಕರಿಯ ಮಾತು ಅವರನ್ನು ಬಿಟ್ಟಿರಲಿಲ್ಲ. ಹರಟೆಯ ಮಧ್ಯೆ ಹಾಲು ಉಕ್ಕುವ ಸದ್ದಾದರೆ "ಲೈನಲ್ಲಿರಿ" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಯಾರಾದರೂ ಸುತ್ತಿ ಬಳಸಿ ಮಾತಾಡಿದರೆ "ಟ್ರಂಕ್ ಕಾಲು, ಮೂರು ನಿಮಿಷ ಆಯ್ತು, ವಿಷಯಕ್ಕೆ ಬನ್ನಿ" ಎನ್ನುತ್ತಿದ್ದರು. ನಾನು ಡೈರಿ ಬರೆಯುತ್ತೇನೆ ಎಂದು ಗೊತ್ತಾದ ಮೇಲೆ ನನಗೆ ಎನ್‌ಕ್ವೈರಿ ಎಂದು ಹೆಸರಿಟ್ಟರು.

"ಏನೇ ಎನ್‌ಕ್ವೈರಿ, ಗ್ಯಾಸ್ ಸಿಲಿಂಡರ್ ಬಂದಿದ್ದು ಯಾವತ್ತು?"

"ಹೋದ ತಿಂಗಳು ಹನ್ನೊಂದನೇ ತಾರೀಕು, ಅಜ್ಜಿ."

"ಥ್ಯಾಂಕ್ಯೂ. ಕಟ್ ಮಾಡು." ಎಂದು ಒಳಗೆ ಹೋಗಿಬಿಡುತ್ತಿದ್ದರು.

ಅವರ ಯಜಮಾನರು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವರು. ನಾನು ಅವರನ್ನು ತಾತ ಎನ್ನುತ್ತಿದ್ದೆ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಜುಬ್ಬದ ಜೇಬಿನಲ್ಲಿ ನಶ್ಯದ ಡಬ್ಬಿ, ಇನ್ನೊಂದು ಜೇಬಿನಲ್ಲಿ ಅದಕ್ಕೆಂದೇ ಇಟ್ಟ ಕಂದುಗಟ್ಟಿದ ಕರವಸ್ತ್ರ. ಸಂಜೆ ಐದಕ್ಕೆ ಒಬ್ಬರೇ ಹೊರಟು ಗವಿಪುರದವರೆಗೆ ನಡೆದು ದೀಪ ಹಚ್ಚುವ ಹೊತ್ತಿಗೆ ಬರುವುದು ಅವರ ಎಷ್ಟೋ ವರ್ಷಗಳ ಅಭ್ಯಾಸವಾಗಿತ್ತು. ನಾವು ಬರುವ ಹೊತ್ತಿಗೆ ಗ್ಲಾಕೋಮದಿಂದ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆ ವರ್ಷದ ಕೊನೆಗೆ ಪೂರ್ತಿ ಹೋಯಿತು.

ಓನರಮ್ಮ ತಾತನನ್ನು ಮಣಿಕಟ್ಟು ಹಿಡಿದು ಕರೆದುಕೊಂಡು ಹೋಗಲು ಶುರುಮಾಡಿದರು. ಮೊದಲು ಗವಿಪುರ, ಆಮೇಲೆ ರಸ್ತೆಯ ತಿರುವು, ಆಮೇಲೆ ಬರೀ ಗೇಟು. ಜನವರಿಯ ಒಂದು ಸಂಜೆ ತಾತ ಚಪ್ಪಲಿ ಮೆಟ್ಟಿಕೊಳ್ಳಲೇ ಇಲ್ಲ.

"ಏಳಿ, ಹೊತ್ತಾಯ್ತು."

"ಬೇಡ ಕಣೆ. ಕೈ ಹಿಡ್ಕೊಂಡು ನಡೆಯೋದು ಮದ್ವೆ ದಿನ ಒಂದ್ಸಲ ಸಾಕು."

ಅವರು ತಮಾಷೆಗೆ ಹೇಳಿದಂತೆ ಹೇಳಿದರು. ಓನರಮ್ಮನಿಗೆ ನಗು ಬರಲಿಲ್ಲ. ಅದಾದ ಮೇಲೆ ತಾತ ಹಜಾರದ ಕುರ್ಚಿ ಬಿಟ್ಟು ಏಳುವುದೇ ಕಡಿಮೆಯಾಯಿತು. ಬಚ್ಚಲಿಗೂ ಯಾರಾದರೂ ಬರಲಿ ಎಂದು ಕಾಯುತ್ತಾ ಕೂರುತ್ತಿದ್ದರು, ಕರೆಯುತ್ತಿರಲಿಲ್ಲ.

ಮುಖ್ಯ ಮನೆಗೂ ನಮ್ಮ ಔಟ್‌ಹೌಸಿಗೂ ನಡುವೆ ಒಂದು ಹಿತ್ತಲಿತ್ತು. ಆ ಕಾಲದ ಸೈಟುಗಳು ಉದ್ದವಾದ್ದರಿಂದ ಜಾಗಕ್ಕೇನೂ ಕೊರತೆಯಿರಲಿಲ್ಲ. ಎರಡು ತೆಂಗಿನಮರ, ಕಂಬಿಯ ಜಾಲರಿ ಮುಚ್ಚಿದ ಬಾವಿ, ಅದರಾಚೆ ಒಗೆಯುವ ಕಲ್ಲು. ಉಳಿದದ್ದೆಲ್ಲ ಒಡೆದ ಸಿಮೆಂಟ್ ಕುಂಡ, ತಗಡು, ಒಣಗಿದ ಗರಿ, ಹಂಡೆ ಒಲೆಯ ಬೂದಿಯ ಗುಡ್ಡೆ. ಮಳೆ ಬಂದರೆ ಕೊಚ್ಚೆ. ಫೆಬ್ರವರಿಯಲ್ಲಿ ಓನರಮ್ಮ ಒಂದು ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಎನ್‌ಕ್ವೈರಿ, ನಿನ್ನ ಹತ್ರ ಟೇಪ್ ಇದ್ಯಾ? ಅಳೀಬೇಕು."

"ಏನ್ ಮಾಡಿಸ್ತೀರಿ ಅಜ್ಜಿ?"

"ದಾರಿ. ಹಿತ್ತಲ ಬಾಗಿಲಿಂದ ಆ ಮೂಲೆವರ್ಗೂ. ಅಲ್ಲೊಂದು ಬೆಂಚು, ಮೇಲೊಂದು ಚಪ್ಪರ. ಕಾಂಪೌಂಡ್ ಒಳಗಾದ್ರೂ ಇವರು ಒಬ್ರೇ ಓಡಾಡ್ಬೇಕು. ಯಾರ ಕೈನೂ ಬೇಡ."

ನಾನು ಅಳೆದು, ಗ್ರಾಫ್ ಹಾಳೆಯ ಮೇಲೆ ಬರೆದುಕೊಟ್ಟೆ. ಅದು ನಾನು ಮಾಡಿದ ಮೊದಲ ನಕ್ಷೆ. ಅವರು ಅದರ ಮೇಲೆ ಪೆನ್ಸಿಲಿನಿಂದ ಗಿಡಗಳ ಹೆಸರು ಬರೆಯುತ್ತಾ ಹೋದರು. ಅವರ ಯೋಜನೆ ಇಷ್ಟು: ದಾರಿಯ ಒಂದೊಂದು ಮುಖ್ಯ ಜಾಗಕ್ಕೆ ಒಂದೊಂದು ಘಮ. ಹಿತ್ತಲ ಬಾಗಿಲ ಮೆಟ್ಟಿಲ ಬಳಿ ದೊಡ್ಡಪತ್ರೆ. ಬಾವಿಯ ಹತ್ತಿರ ಬಲಕ್ಕೆ ತಿರುಗಬೇಕಾದಲ್ಲಿ ಮರುಗ. ತಿರುವು ದಾಟಿದ ಮೇಲೆ ಮಜ್ಜಿಗೆ ಹುಲ್ಲು, ಕಾಲು ಸವರಿದರೆ ನಿಂಬೆಯ ವಾಸನೆ ಬರುವಂತೆ. ಕೊನೆಯಲ್ಲಿ ಕಲ್ಲು ಬೆಂಚು, ಮೇಲೆ ಮಲ್ಲಿಗೆ ಚಪ್ಪರ. "ಕಣ್ಣು ಹೋದ್ರೇನು? ಮೂಗು ಹಿಡ್ಕೊಂಡು ಹೋಗುತ್ತೆ" ಎಂದರು. ಅಪ್ಪ, ಅಮ್ಮ, ನಾನು, ಎಲ್ಲರೂ ಒಪ್ಪಿದೆವು. ಇಂಥದು ಹೊಳೆಯುವುದಕ್ಕೂ ತಲೆ ಬೇಕು ಎಂದು ಅಪ್ಪ ಆ ದಿನ ಊಟಕ್ಕೆ ಕೂತಾಗ ಹೇಳಿದರು.

ಗಿಡಗಳು ಸಿದ್ಧಾಪುರದ ನರ್ಸರಿಗಳಿಂದ ಬಂದವು. ಓನರಮ್ಮ ಪ್ರತಿ ಗಿಡದ ಎಲೆಯನ್ನೂ ಹೊಸಕಿ ಮೂಸಿ ಆರಿಸಿದ್ದರಿಂದ ನರ್ಸರಿಯವನು "ಅಮ್ಮಾ, ನೀವು ಮುಗಿಸೋ ಹೊತ್ತಿಗೆ ಗಿಡದಲ್ಲಿ ಎಲೇನೇ ಇರಲ್ಲ" ಎಂದನಂತೆ. ಕಲ್ಲುಗಳದು ಬೇರೆ ಕಥೆ. ಆ ವರ್ಷಗಳಲ್ಲಿ ಚಾಮರಾಜಪೇಟೆ, ಬಸವನಗುಡಿಯ ಹಳೆಯ ಮನೆಗಳನ್ನು ಒಂದೊಂದಾಗಿ ಕೆಡವುತ್ತಿದ್ದರು. ಎಲ್ಲಿ ಹಾರೆ ಗುದ್ದುವ ಸದ್ದು ಕೇಳಿದರೂ ಓನರಮ್ಮ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಯಾರದೋ ಅಡುಗೆಮನೆಯ ನುಣುಪಾದ ಚಪ್ಪಡಿ, ಯಾರದೋ ಜಗಲಿಯ ಉಳಿ ಗುರುತಿನ ಒರಟು ಕಲ್ಲು, ದನದ ಕೊಟ್ಟಿಗೆಯ ಗೀರು ಹೊಡೆದ ಕಲ್ಲು, ಒರಳು ಕೂರಿಸಿ ಮಧ್ಯೆ ಗುಣಿ ಬಿದ್ದಿದ್ದ ಒಂದು ಚಪ್ಪಡಿ. ಎಲ್ಲ ತಳ್ಳುಗಾಡಿಯಲ್ಲಿ ಬಂದವು. ಒಂದರ ಅಳತೆ ಇನ್ನೊಂದಕ್ಕಿಲ್ಲ.

ಬಿನ್ನಿಪೇಟೆಯಿಂದ ಬಂದ ಮೇಸ್ತ್ರಿ ಅವನ್ನು ನೋಡಿ ತಲೆ ಕೆರೆದುಕೊಂಡ. "ಏನಮ್ಮಾ ಇದು, ಹತ್ತು ಮನೆ ಪಾತ್ರೆ ತಂದು ಒಂದೇ ಪಂಕ್ತಿಗೆ ಬಡಿಸು ಅಂತೀರಲ್ಲ."

"ಬಡಿಸಪ್ಪ. ಉಣ್ಣೋರಿಗೆ ಕಣ್ಣು ಕಾಣಲ್ಲ" ಎಂದರು ಓನರಮ್ಮ. ತಾತ ಒಳಗಿನಿಂದ ನಕ್ಕದ್ದು ನಮಗೆಲ್ಲ ಕೇಳಿಸಿತು. ಅವರು ನಕ್ಕು ತಿಂಗಳುಗಳಾಗಿದ್ದವು.

ಯುಗಾದಿ ಕಳೆದ ಮೇಲೆ ದಾರಿ ಮುಗಿಯಿತು. ಮೊದಲ ವಾರ ಓನರಮ್ಮ ಪಕ್ಕದಲ್ಲೇ ನಡೆದರು, ಮುಟ್ಟದೆ. ಎರಡನೆಯ ವಾರ ಹಿತ್ತಲ ಬಾಗಿಲಲ್ಲಿ ನಿಂತು ಕೂಗಿ ಕೇಳುತ್ತಿದ್ದರು.

"ಈಗ ಎಲ್ಲಿದೀರಿ?"

"ಮರುಗದ ಹತ್ರ."

"ಹೇಗ್ ಗೊತ್ತಾಯ್ತು?"

"ಘಮ ಬರ್ತಿದ್ಯಲ್ಲೇ."

ಮೇ ತಿಂಗಳ ಹೊತ್ತಿಗೆ ತಾತ ಒಬ್ಬರೇ ಬರಿಗಾಲಲ್ಲಿ ಬಾಗಿಲಿನಿಂದ ಬೆಂಚಿಗೆ, ಬೆಂಚಿನಿಂದ ಬಾಗಿಲಿಗೆ ಓಡಾಡುತ್ತಿದ್ದರು. ಬೆಳಗ್ಗೆ ಕಾಫಿ ಬೆಂಚಿನ ಮೇಲೆ, ಸಂಜೆ ರೇಡಿಯೋ ಬೆಂಚಿನ ಮೇಲೆ. ಯಾರನ್ನೂ ಕರೆಯುವ ಅಗತ್ಯವಿಲ್ಲ. ಬಚ್ಚಲಿಗೂ ಹಾಗೇ ಹೋಗಿಬರುತ್ತಿದ್ದರು. ಓನರಮ್ಮ ಅಮ್ಮನ ಹತ್ತಿರ "ಮೂಗು ಅಂದ್ರೆ ಮೂಗು ಕಣಮ್ಮ. ಒಂದು ಹೋದ್ರೆ ಇನ್ನೊಂದು ಚುರುಕಾಗುತ್ತೆ ಅಂತಾರಲ್ಲ, ನಿಜ" ಎಂದು ಹೇಳಿಕೊಂಡರು. ಬೇಸಿಗೆಯಲ್ಲಿ ಕಾರ್ಪೊರೇಷನ್ ನೀರು ಬಾರದ ದಿನಗಳಲ್ಲೂ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎತ್ತಿಟ್ಟು ಆ ಗಿಡಗಳಿಗೆ ಹಾಕಿದರು. ಒಮ್ಮೆ ಮರುಗ ಒಣಗಿಹೋಗಿ, ಹೊಸದು ತರುವವರೆಗೆ ಆ ಜಾಗ ಖಾಲಿಯಿತ್ತು. ಆಗಲೂ ತಾತ ಅಲ್ಲಿಗೆ ಬಂದು ಸರಿಯಾಗಿ ಬಲಕ್ಕೆ ತಿರುಗಿ "ಮರುಗ" ಎಂದರು. "ನೋಡು, ಮಣ್ಣಲ್ಲೇ ವಾಸನೆ ಕೂತಿದೆ" ಎಂದರು ಓನರಮ್ಮ. ಅದನ್ನೂ ನಾವು ನಂಬಿದೆವು.

ಮಲ್ಲೇಶ್ವರದಲ್ಲಿ ಓನರಮ್ಮನ ತಂಗಿ ಇದ್ದರು. ಮಾರನೆಯ ವರ್ಷ ದೀಪಾವಳಿಗೆ ಬಂದರು. ತಮ್ಮ ಮನೆಯ ಹಿಂದೆ ಆಗಷ್ಟೇ ಲಾನು ಹಾಕಿಸಿ, ಚೌಕಳಿ ಟೈಲ್ಸಿನ ದಾರಿ ಮಾಡಿಸಿ, ಬಿಳೀ ಪ್ಲಾಸ್ಟಿಕ್ ಕುರ್ಚಿ ಇಡಿಸಿದ್ದರು. ಹಿತ್ತಲಿಗೆ ಬಂದು ಒಂದು ಸುತ್ತು ನೋಡಿದರು.

"ಏನೇ ಅಕ್ಕ, ಇದು ತೋಟಾನಾ, ಇಲ್ಲ ಹಳೇ ಕಲ್ಲಿನ ಅಂಗಡೀನಾ? ಭಾವ ಎಡವಿ ಬಿದ್ರೆ ಏನ್ ಗತಿ? ಒಂದು ಕಲ್ಲು ಮೇಲೆ, ಒಂದು ಕೆಳಗೆ. ಟೈಲ್ಸ್ ಹಾಕ್ಸೇ, ಕೇರಂ ಬೋರ್ಡ್ ಥರ ಇರುತ್ತೆ."

ಬೇರೆ ಮಾತಾಗಿದ್ದರೆ ಓನರಮ್ಮ ಲೈನ್ ಕಟ್ ಮಾಡುತ್ತಿದ್ದರು. "ಭಾವ ಎಡವಿ ಬಿದ್ರೆ" ಎಂಬುದು ಅವರ ಮನಸ್ಸಿನಲ್ಲಿ ಕೂತಿತು. ಮೇಸ್ತ್ರಿಗೆ ಹೇಳಿ ಕಳಿಸಿದರು. ತಾತ ಆಗ ಒಂದೇ ಮಾತು ಹೇಳಿದ್ದು ನನಗೆ ನೆನಪಿದೆ: "ಕಲ್ಲು ಚೆನ್ನಾಗೇ ಇದ್ಯಲ್ಲೇ." "ನಿಮಗೇನ್ ಕಾಣುತ್ತೆ, ಸುಮ್ನಿರಿ" ಎಂದರು ಓನರಮ್ಮ. ಮೇಸ್ತ್ರಿ ಅರ್ಧ ದಾರಿಯ, ಎಂದರೆ ಬಾಗಿಲಿನಿಂದ ಬಾವಿಯ ತಿರುವಿನವರೆಗಿನ ಚಪ್ಪಡಿಗಳನ್ನು ಎಬ್ಬಿಸಿ, ಕೆಂಪು ಚೌಕಳಿ ಟೈಲ್ಸ್ ಕೂರಿಸಿದ. ಹಳೆಯ ಕಲ್ಲುಗಳನ್ನು "ನೀನೇ ತಗೊಂಡ್ಹೋಗಪ್ಪ" ಎಂದು ಓನರಮ್ಮ ಅವನಿಗೇ ಕೊಟ್ಟರು. ಟೈಲ್ಸಿನ ಮೇಲೆ ಒದ್ದೆ ಗೋಣಿ ಹಾಸಿ, ಗಟ್ಟಿಯಾಗುವವರೆಗೆ ಯಾರೂ ಕಾಲಿಡಬಾರದು ಎಂದಾಯಿತು.

ಗೋಣಿ ತೆಗೆದ ಬೆಳಗ್ಗೆ ನಾನು ನಮ್ಮ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದೆ. ತಾತ ಹಿತ್ತಲ ಬಾಗಿಲಿನಿಂದ ಇಳಿದರು. ನಾಲ್ಕು ಹೆಜ್ಜೆ ಎಂದಿನಂತೆ ಬಂದವು. ಆಮೇಲೆ ಅವರು ನಿಂತರು. ಬಲಗಾಲು ಚಾಚಿ ನೆಲ ಸವರಿದರು, ಎಡಗಾಲು ಸವರಿದರು, ಮತ್ತೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು.

"ಎಲ್ಲಿದೀರಿ?" ಅಡುಗೆಮನೆಯಿಂದ ಓನರಮ್ಮ ಕೂಗಿದರು.

ತಾತ ಮುಂದಕ್ಕೆ ನಡೆದರು. ಬಾವಿ ಬಂತು, ತಿರುವು ಬಂತು, ಅವರು ತಿರುಗಲಿಲ್ಲ. ನಾನು ಬಾಯಿಯ ನೊರೆ ಉಗಿದು "ತಾತಾ" ಎನ್ನುವಷ್ಟರಲ್ಲಿ ಒಗೆಯುವ ಕಲ್ಲಿಗೆ ಮೊಣಕಾಲು ಬಡಿಯಿತು. ಆಸರೆಗೆ ಸಿಕ್ಕಿದ್ದು ಅಮ್ಮ ಒಣಗಹಾಕಿದ್ದ ಸೀರೆ. ಅದರ ಸಮೇತ ಕೆಳಗೆ ಕೂತರು.

ನಾನೂ ಓನರಮ್ಮನೂ ಒಟ್ಟಿಗೆ ತಲುಪಿದೆವು. ಮೊಣಕಾಲಿನ ಕೆಳಗೆ ಚರ್ಮ ಕಿತ್ತುಬಂದು ರಕ್ತ ಇಳಿಯುತ್ತಿತ್ತು. ಮೂಳೆಗೇನೂ ಆಗಿರಲಿಲ್ಲ. ಅರಿಶಿನ ಒತ್ತಿ ಬಟ್ಟೆ ಕಟ್ಟಿದ ಮೇಲೆ ಓನರಮ್ಮ ಸುತ್ತ ನೋಡಿದರು. ಅವರಿಗೆ ಕಾರಣ ಹೊಳೆಯಿತು.

"ಸಿಮೆಂಟು! ಹಸಿ ಸಿಮೆಂಟಿನ ವಾಸನೆ ಗಿಡಗಳ ವಾಸನೇನೆಲ್ಲ ಮುಚ್ಚಾಕ್ಬಿಟ್ಟಿದೆ. ಅಲ್ವೇನ್ರೀ?"

ತಾತ ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಓನರಮ್ಮ ಮರುಗದ ಒಂದು ಕೊನರು ಚಿವುಟಿ, ಚೆನ್ನಾಗಿ ಹೊಸಕಿ, ಅವರ ಮೂಗಿಗೇ ಹಿಡಿದರು.

"ಬರ್ತಿದ್ಯಾ ಈಗ? ಯಾವುದು ಹೇಳಿ."

ತಾತ ಉಸಿರೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು.

"ಕೊತ್ತಂಬರೀನಾ?"

ಓನರಮ್ಮ ಮಜ್ಜಿಗೆ ಹುಲ್ಲಿನ ಗರಿ ಕಿತ್ತು ತಂದರು. ಅದನ್ನು ಹಿಡಿಯುವ ಮೊದಲೇ ತಾತ ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಜುಬ್ಬದ ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಓನರಮ್ಮ ನಿಂತ ಕಡೆಗೆ ಅಂದಾಜಿನಲ್ಲಿ ಚಾಚಿದರು.

"ಇದನ್ನ ಏರಿಸೋಕೆ ಶುರುಮಾಡಿ ನಲವತ್ತು ವರ್ಷ ಆಯ್ತು ಕಣೆ. ಇದರ ವಾಸನೇನೇ ನಂಗೆ ಬರಲ್ಲ. ಇನ್ನು ನಿನ್ನ ಮರುಗ ಎಲ್ಲಿ ಬರುತ್ತೆ?"

ಆ ಡಬ್ಬಿಯನ್ನು ದಿನಾ ನೋಡುತ್ತಿದ್ದವರು ನಾವು. ನಶ್ಯ ಖಾಲಿಯಾದಾಗ ಅಂಗಡಿಯಿಂದ ತಂದುಕೊಡುತ್ತಿದ್ದವರೇ ಓನರಮ್ಮ.

"ಲೈನಲ್ಲಿರಿ" ಎಂದು ಹೇಳಿ ಅವರು ಒಳಗೆ ಹೋದರು. ಒಲೆಯ ಮೇಲೇನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದರು.

"ಮತ್ತೆ ಇಷ್ಟು ದಿನ ಹೇಗ್ ಓಡಾಡ್ತಿದ್ರಿ?"

"ಕಾಲಲ್ಲಿ."

"ಎಲ್ರೂ ಕಾಲಲ್ಲೇ ಓಡಾಡೋದು!"

ತಾತ ಆಗ ವಿವರವಾಗಿ ಹೇಳಿದರು. ಮೆಟ್ಟಿಲಿಳಿದ ಕೂಡಲೇ ನುಣುಪಾದ ಕಲ್ಲು, ಬೆಳಗಿನ ಹೊತ್ತು ತಣ್ಣಗಿರುತ್ತೆ. ಆಮೇಲೆ ಗೀರಿನ ಕಲ್ಲು. ಹೆಬ್ಬೆರಳಿಗೆ ಗುಣಿ ಸಿಕ್ಕಿತೆಂದರೆ ಬಲಕ್ಕೆ ತಿರುಗಬೇಕು, ಅದೇ ಮರುಗ. ಉಳಿ ಗುರುತಿನ ಕಲ್ಲು ದಾಟಿದರೆ ಬೆಂಚು. ಹತ್ತು ಮನೆಯ ಕಲ್ಲುಗಳು ಹತ್ತು ಥರ ಇದ್ದದ್ದರಿಂದಲೇ ಅವರಿಗೆ ದಾರಿ ಸಿಕ್ಕಿತ್ತು. ಟೈಲ್ಸು ಮೊದಲಿನಿಂದ ಕೊನೆಯವರೆಗೆ ಒಂದೇ ಥರ.

"ಮೊದಲೇ ಹೇಳೋಕೇನಾಗಿತ್ತು? ಟೈಲ್ಸ್ ಹಾಕಿಸ್ತೀನಿ ಅಂದಾಗಾದ್ರೂ ಹೇಳ್ಬಾರ್ದಿತ್ತಾ?"

"ನೀನು ಅಕ್ಕಿ ತೊಳೆದ ನೀರು ಎತ್ತಿಟ್ಟು ಹಾಕ್ತಿದ್ದೆಯಲ್ಲೇ. ಏನಂತ ಹೇಳ್ಲಿ?"

ಓನರಮ್ಮ ನನ್ನ ಕಡೆ ತಿರುಗಿ "ಎನ್‌ಕ್ವೈರಿ, ಕಾಲೇಜು ಎಷ್ಟೊತ್ತಿಗೆ?" ಎಂದರು. ಆ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ನಾವಿಬ್ಬರೂ ಆಟೋ ಹಿಡಿದು ಬಿನ್ನಿಪೇಟೆಗೆ ಹೋದೆವು.

ಮೇಸ್ತ್ರಿಯ ಮನೆ ಮುಂದೆ ಚಪ್ಪಡಿಗಳು ಗೋಡೆಗೆ ಒರಗಿದ್ದವು. ಎರಡು ಕಾಣಲಿಲ್ಲ.

"ಅಮ್ಮಾ, ಅವೆರಡು ಬಚ್ಚಲಿಗೆ ಹಾಕ್ಬಿಟ್ಟೆ" ಎಂದ ಮೇಸ್ತ್ರಿ. "ನಮ್ಮೋಳು ಅದರ ಮೇಲೇ ಬಟ್ಟೆ ಒಗೀತಿದಾಳೆ, ನೋಡಿ."

ಅವನ ಹೆಂಡತಿ ಒಗೆಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ನಿಂತಳು. "ಕೊಟ್ಟಿದ್ನ ವಾಪಸ್ ಕೇಳ್ತೀರೇನಮ್ಮ? ಈ ಗುಣಿ ಇರೋ ಕಲ್ಲಲ್ಲಿ ಸೋಪು ಇಟ್ಕೊಳೋಕೆ ಎಷ್ಟು ಅನುಕೂಲ ಗೊತ್ತಾ?"

"ತಪ್ಪು ನಂದೇ ಕಣಮ್ಮ. ಬದಲಿಗೆ ನನ್ನ ಹೊಸ ಟೈಲ್ಸ್ ಪೂರಾ ನಿನ್ನ ಬಚ್ಚಲಿಗೆ. ಸೋಪಿನ ಡಬ್ಬಿ ಬೇರೆ ಕೊಡಿಸ್ತೀನಿ" ಎಂದರು ಓನರಮ್ಮ. ಅವಳು ಟೈಲ್ಸಿನ ಬಣ್ಣ ಕೇಳಿದಳು. ಕೆಂಪು ಎಂದಾಗ ಒಪ್ಪಿದಳು.

ಮೇಸ್ತ್ರಿ ಮರುದಿನ ಬಂದು ತಾನು ಕೂರಿಸಿದ ಟೈಲ್ಸನ್ನು ತಾನೇ ಎಬ್ಬಿಸಿದ. ಈಗ ಯಾವ ಕಲ್ಲು ಎಲ್ಲಿತ್ತು ಎಂಬುದು ಅವನಿಗೆ ನೆನಪಿಲ್ಲ, ನಮಗೂ ಇಲ್ಲ. ನನ್ನ ನಕ್ಷೆಯಲ್ಲಿ ಗಿಡಗಳಿದ್ದವು, ಕಲ್ಲುಗಳಿರಲಿಲ್ಲ. ಚಪ್ಪಡಿಗಳನ್ನು ಮಣ್ಣಿನ ಮೇಲೆ ಹರಡಿದರು. ತಾತ ಪಂಚೆ ಎತ್ತಿಕಟ್ಟಿ, ಮೊಣಕಾಲಿನ ಕಟ್ಟಿನ ಸಮೇತ, ಒಂದೊಂದರ ಮೇಲೂ ನಿಂತರು. ಅಂಗಾಲು ಹಿಂದೆ ಮುಂದೆ ಉಜ್ಜಿದರು. "ಇದು ಮೆಟ್ಟಿಲ ಹತ್ರದ್ದು." "ಇದು ತಿರುಗುಮುರುಗಾಗಿದೆ, ಗೀರು ಅಡ್ಡ ಬರ್ಬೇಕು." "ಇದು ಬಾವಿಗೆ ಮುಂಚೆ." ಓನರಮ್ಮ ಪ್ರತಿ ಕಲ್ಲಿಗೂ ಮೇಸ್ತ್ರಿಗಿಂತ ಮೊದಲು ಬಗ್ಗಿ ಕೈ ಹಾಕುತ್ತಿದ್ದರು. ಗುಣಿಯ ಕಲ್ಲು ಬಂದಾಗ ತಾತನ ಹೆಬ್ಬೆರಳು ಅದರೊಳಗೆ ಇಳಿದು ನಿಂತಿತು. "ಮರುಗ" ಎಂದರು. ಮೇಸ್ತ್ರಿಗೆ ಅರ್ಥವಾಗಲಿಲ್ಲ, ನಮಗಾಯಿತು.

ತಂಗಿ ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ "ಟೈಲ್ಸ್ ಎಲ್ಲೇ?" ಎಂದು ಕೇಳಿದರು. "ಬಿನ್ನಿಪೇಟೆಲಿ, ಸ್ನಾನ ಮಾಡ್ತಿವೆ" ಎಂದರು ಓನರಮ್ಮ.

ಗಿಡಗಳನ್ನು ಅವರು ಕೀಳಲಿಲ್ಲ. ಮೊದಲಿನಂತೆಯೇ ನೀರು ಹಾಕಿದರು. ಆದರೆ ಹಿತ್ತಲಿಗೆ ಇಳಿಯುವಾಗ ಚಪ್ಪಲಿ ಬಿಡತೊಡಗಿದರು. ಸಂಜೆ ಅವರು ಆ ದಾರಿಯಲ್ಲಿ ಮೆಲ್ಲಗೆ ಓಡಾಡುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿದವರು ಏನೋ ಬಿದ್ದುಹೋದದ್ದು ಹುಡುಕುತ್ತಿದ್ದಾರೆ ಎಂದುಕೊಳ್ಳಬೇಕು, ಹಾಗೆ.

ನಾನು ಆಮೇಲೆ ಡ್ರಾಫ್ಟ್ಸ್‌ಮನ್ ಕೋರ್ಸ್ ಮಾಡಿ ಬಸವನಗುಡಿಯ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಹಿತ್ತಲು, ತಾರಸಿ, ಮನೆಮುಂದಿನ ಕೈತೋಟದ ನಕ್ಷೆಗಳು ಹೆಚ್ಚಾಗಿ ನನ್ನ ಮೇಜಿಗೇ ಬರುತ್ತವೆ. ಬಂದವರಿಗೆ ಕಲ್ಲಿನ ಬಣ್ಣ, ಚಪ್ಪರದ ಎತ್ತರದ ವಿಷಯ ಕೇಳುವ ಮೊದಲು ಅಲ್ಲಿ ದಿನಾ ಓಡಾಡುವವರು ಯಾರು, ಅವರನ್ನೂ ಒಂದು ಸಲ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಆದರೂ ಕೇಳುತ್ತೇನೆ. ಇದು ನಾನು ಕೋರ್ಸಿನಲ್ಲಿ ಕಲಿತದ್ದಲ್ಲ.

ಓನರಮ್ಮ ತೀರಿಕೊಂಡದ್ದು ೨೦೦೬ರಲ್ಲಿ, ಒಂದು ಬೆಳಗ್ಗೆ. ಹಾಲು ಕಾಯಿಸಿಟ್ಟು, ಯಾಕೋ ಸುಸ್ತು ಎಂದು ಮಲಗಿದವರು ಏಳಲಿಲ್ಲ. ಆ ಹದಿಮೂರು ದಿನವೂ ತಾತನ ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಇದ್ದರು. ತೋಳು ಹಿಡಿದು ಕೂರಿಸಿದರು, ತೋಳು ಹಿಡಿದು ಎಬ್ಬಿಸಿದರು. ಅವರೆಲ್ಲ ಹೇಳಿದಂತೆ ತಾತ ಕೇಳಿದರು. ಆ ದಂಪತಿಗೆ ಮಕ್ಕಳಿರಲಿಲ್ಲ.

ಕೊನೆಯ ದಿನ ಊಟವಾದ ಮೇಲೆ ಹಜಾರದಲ್ಲಿ ಎಲ್ಲ ಕೂತಿದ್ದೆವು. ತಂಗಿ ತಾತನ ಪಕ್ಕಕ್ಕೆ ಬಂದು ಕೂತರು. ಅತ್ತು ಅತ್ತು ಅವರ ದನಿ ಕೂತುಹೋಗಿತ್ತು.

"ಭಾವ, ನೀವು ನಮ್ಮನೆಗೆ ಬಂದ್ಬಿಡಿ. ರೂಮಿದೆ, ಲಾನಿದೆ. ಹೊತ್ಹೊತ್ತಿಗೆ ಯಾರಾದ್ರೂ ಕೈ ಹಿಡ್ಕೊಂಡು ಓಡಾಡಿಸ್ತಾರೆ. ಇಲ್ಲಿ ಒಬ್ರೇ ಹೇಗಿರ್ತೀರಿ?"

"ಊಟ ಇವರ ಮನೇಲಾಗುತ್ತೆ" ಎಂದರು ತಾತ, ಅಮ್ಮನ ದನಿ ಬರುತ್ತಿದ್ದ ಕಡೆ ತಲೆಯಾಡಿಸಿ. ಅದು ಆಗಲೇ ಮಾತಾಗಿತ್ತು.

"ಊಟ ಒಂದೇನಾ ಭಾವ? ಕಣ್ಣು ಕಾಣದೋರು—"

"ನಿಮ್ಮನೇಲಿ ನಂಗೆ ಕಣ್ಣು ಕಾಣಲ್ಲಮ್ಮ, ನಿಜ" ಎಂದರು ತಾತ. "ಇಲ್ಲಿ ಅವಳು ಅದಕ್ಕೊಂದು ವ್ಯವಸ್ಥೆ ಮಾಡಿದಾಳೆ."

ಪಕ್ಕದಲ್ಲಿದ್ದವರು ತೋಳಿಗೆ ಕೈ ಹಾಕುವ ಮೊದಲೇ ಎದ್ದರು. ಗೋಡೆ ಸವರಿಕೊಂಡು ಅಡುಗೆಮನೆ ದಾಟಿದರು. ಹಿತ್ತಲ ಬಾಗಿಲ ಚಿಲಕ ತೆಗೆದ ಸದ್ದಾಯಿತು. ತಂಗಿ ಗಾಬರಿಯಿಂದ ಹಿಂದೆ ಹೋಗಲು ಎದ್ದರು. ಅಮ್ಮ ಅವರ ಕೈ ಹಿಡಿದು ಕೂರಿಸಿದಳು.